ಒಂದು ಜಮಖಾನೆಯಷ್ಟು ಜನ

ಆ ಊರಿನಲ್ಲಿ ಸಾಯುವುದು ಅಷ್ಟು ಸುಲಭದ ಕೆಲಸವಾಗಿರಲಿಲ್ಲ. ಉಸಿರು ನಿಂತರಷ್ಟೇ ಸಾಲದು. ಸತ್ತವರು ಬದುಕಿದ್ದಾಗ ಏನು ಮಾಡುತ್ತಿದ್ದರೋ ಅದನ್ನು ಉಳಿದವರು ಇನ್ನೊಂದೇ ಒಂದು ಸಲ, ಅವರು ಮಾಡುತ್ತಿದ್ದ ಹಾಗೆಯೇ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಮಾಡಿ ತೋರಿಸಬೇಕಿತ್ತು. ಊರವರು ಇದನ್ನು ಮರಳಿಕೆ ಎನ್ನುತ್ತಿದ್ದರು. ಇಡ್ಲಿಯವಳು ಸತ್ತರೆ ಸೊಸೆ ಅವಳ ಹಾಗೆಯೇ ಇಡ್ಲಿ ಬೇಯಿಸಬೇಕು. ಕ್ಷೌರದವನು ಸತ್ತರೆ ತಮ್ಮ ಅವನ ಹಾಗೆಯೇ ಒಂದು ಗಡ್ಡ ಬೋಳಿಸಬೇಕು, ಅವನ ಹಾಗೆಯೇ ಎಡಗಿವಿಯ ಕೆಳಗೆ ಒಂಚೂರು ಕೊಯ್ಯಬೇಕು, ಅವನ ಹಾಗೆಯೇ "ಏನಿಲ್ಲ ಸ್ವಾಮಿ, ಸೊಳ್ಳೆ" ಎನ್ನಬೇಕು.

ಯಾರಾದರೂ ಸತ್ತ ದಿನ ಊರ ಹಜಾರದಲ್ಲಿ ಒಂದು ದೀಪ ಹಚ್ಚುತ್ತಿದ್ದರು. ಆ ದೀಪದ ಎಣ್ಣೆ ತೀರುವುದರೊಳಗೆ ಮರಳಿಕೆ ಮುಗಿಯಬೇಕು. ಒಮ್ಮೆ ಎರೆದ ಮೇಲೆ ಮತ್ತೆ ಹನಿ ಎಣ್ಣೆಯನ್ನೂ ಎರೆಯುವ ಹಾಗಿಲ್ಲ. ಮರಳಿಕೆ ಸರಿಯಾಯಿತೋ ಇಲ್ಲವೋ ಎಂದು ಹೇಳುವವರು ಊರಿಗೆಲ್ಲ ಒಬ್ಬರೇ. ಅವರನ್ನು ಒಪ್ಪುವವರು ಎಂದು ಕರೆಯುತ್ತಿದ್ದರು. ಸದಾ ಕರಿ ಕೋಟು, ಸದಾ ಬಿಗಿದ ಮುಖ, ಒಮ್ಮೆ ಕಂಡಿದ್ದು ಕೇಳಿದ್ದು ಯಾವುದನ್ನೂ ಮರೆಯದ ತಲೆ. ಅವರು "ಹೌದು, ಹೀಗೇ" ಎಂದರೆ ಸತ್ತವರ ಸಾಮಾನನ್ನು ಹಜಾರದ ಗೋಡೆಗೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಇಡ್ಲಿ ಪಾತ್ರೆ, ಕ್ಷೌರದ ಕತ್ತಿ, ಸೂಲಗಿತ್ತಿಯ ತಂಬಿಗೆ ಎಲ್ಲವೂ ಅಲ್ಲಿದ್ದವು. ಗೋಡೆ ಏರಿದ್ದನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ, ಆದರೆ ಹೆಸರು ಉಳಿಯುತ್ತಿತ್ತು. ಅವರು "ಅಲ್ಲ, ಹೀಗಲ್ಲ" ಎಂದರೆ ಎಣ್ಣೆ ಇರುವ ತನಕ ಮತ್ತೆ ಮಾಡಿ ತೋರಿಸಬಹುದು. ಎಣ್ಣೆ ತೀರಿದರೆ ಮರೆವು.

ಮರೆವೆಂದರೆ ಬಾಯಿಮಾತಿನ ಮರೆವಲ್ಲ. ಮರುದಿನ ಬೆಳಿಗ್ಗೆ ಎದ್ದರೆ ಊರಿನಲ್ಲಿ ಒಬ್ಬರಿಗೂ ಆ ಮನುಷ್ಯ ನೆನಪಿರುತ್ತಿರಲಿಲ್ಲ. ಹೆಂಡತಿ ಎರಡು ಲೋಟ ಕಾಫಿ ಬೆರೆಸಿ, ಇನ್ನೊಂದು ಯಾರಿಗೆಂದು ತಿಳಿಯದೆ ಎರಡನ್ನೂ ತಾನೇ ಕುಡಿಯುತ್ತಿದ್ದಳು. ಬಾವಿ ಬೀದಿಯ ಗೋಡೆಯಲ್ಲಿ ಒಂದು ಖಾಲಿ ಗೂಡಿತ್ತು. ಹೂವಿನವಳು ದಿನಾ ಅದರೊಳಗೆ ಒಂದು ಮೊಳ ಮಲ್ಲಿಗೆ ಇಟ್ಟು ಮುಂದೆ ಹೋಗುತ್ತಿದ್ದಳು. ಯಾರಿಗಮ್ಮ ಎಂದು ಕೇಳಿದರೆ, "ಯಾರಿಗೋ ಕಾಣೆ ಕಣಪ್ಪ, ಕೈ ಇಡುತ್ತೆ, ನಾನೇನ್ ಮಾಡ್ಲಿ?" ಎನ್ನುತ್ತಿದ್ದಳು.

ಹೀಗಾಗಿ ಊರಿನವರು ಬಹಳ ಹುಷಾರಾಗಿ ಬದುಕುತ್ತಿದ್ದರು. ಸತ್ತ ಮೇಲೆ ಉಳಿದವರಿಗೆ ತೊಂದರೆಯಾಗಬಾರದೆಂದು ದಿನಾ ಒಂದೇ ದಾರಿಯಲ್ಲಿ ನಡೆಯುತ್ತಿದ್ದರು, ದಿನಾ ಒಂದೇ ಸಾರು ಮಾಡುತ್ತಿದ್ದರು, ಜಗಳವನ್ನು ಕೂಡ ದಿನಾ ಒಂದೇ ಮಾತಿನಿಂದ ಶುರು ಮಾಡಿ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಮಗು ಎಡಗಾಲಲ್ಲಿ ಕುಣಿದರೆ ತಾಯಿ ಹೆದರಿ, "ಅಯ್ಯೋ, ಇದನ್ನೆಲ್ಲ ಆಮೇಲೆ ಯಾರು ಮಾಡಿ ತೋರಿಸ್ತಾರೆ, ಕೂತ್ಕೋ" ಎಂದು ಗದರುತ್ತಿದ್ದಳು.

ಇಂಥ ಊರಿನಲ್ಲಿ ಪಿಯಾನೊದವನು ಬಾಳಿದ. ಬಾಳಿದ್ದಲ್ಲದೆ ಸತ್ತೂ ಹೋದ. ಊರಿಗೆ ತಲೆನೋವು ಬಂದಿದ್ದು ಆಗ.

ಪಿಯಾನೊ ಆ ಊರಿಗೆ ನೆರೆನೀರಿನಲ್ಲಿ ತೇಲಿಕೊಂಡು ಬಂದಿತ್ತು. ಅದರ ಮೇಲೆ ಒಂದು ಮೇಕೆ ನಿಂತಿತ್ತಂತೆ. ಮೇಕೆಯನ್ನು ಮೇಕೆಯವರು ತೆಗೆದುಕೊಂಡರು, ಪಿಯಾನೊ ಯಾರಿಗೂ ಬೇಡವಾಗಿ ಹಜಾರದ ಮೂಲೆ ಸೇರಿತು. ಒಂದು ಗುರುವಾರ ಅವನು ಹೋಗಿ ಅದರ ಮುಂದೆ ಕೂತ. ಕೂತವನು ಬೆರಳಿನಿಂದ ನುಡಿಸಿದ, ಮುಷ್ಟಿಯಿಂದ ನುಡಿಸಿದ, ಮೊಣಕೈ ಇಟ್ಟು ಉರುಳಿಸಿದ, ಒಮ್ಮೆ ಎರಡೂ ಕೈ ಸಾಲದೆ ಗಲ್ಲವನ್ನೂ ಊರಿದ. ಅದಕ್ಕೆ ರಾಗವೆಂಬ ಕಟ್ಟಿರಲಿಲ್ಲ, ತಾಳವೆಂಬ ಬೇಲಿಯಿರಲಿಲ್ಲ. ಅಂಥದ್ದನ್ನು ಅವನಿಗಿಂತ ಮುಂಚೆ ಯಾರೂ ನುಡಿಸಿರಲಿಲ್ಲ. ಊರಿನವರು ಕಿವಿ ಮುಚ್ಚಿಕೊಂಡು, ಇವನು ನುಡಿಸುವುದಿಲ್ಲ, ಪಿಯಾನೊದ ಜೊತೆ ಕುಸ್ತಿಗೆ ಬೀಳುತ್ತಾನೆ ಎಂದರು. ಅದಕ್ಕಿಂತ ದೊಡ್ಡ ಅಪರಾಧವೆಂದರೆ, ಅವನು ಒಂದು ಗುರುವಾರ ನುಡಿಸಿದ್ದನ್ನು ಇನ್ನೊಂದು ಗುರುವಾರ ನುಡಿಸಲಿಲ್ಲ. ಹೋದ ವಾರದ್ದು ಚೆನ್ನಾಗಿತ್ತು, ಇನ್ನೊಂದ್ಸಲ ಆಗಲಿ ಎಂದು ಯಾರಾದರೂ ಕೇಳಿದರೆ, "ಇವತ್ತು ಬಿಸಿ ಅನ್ನ ಇದೆಯಲ್ಲ ತಾಯಿ, ತಂಗಳು ಯಾಕೆ?" ಎಂದು ನಗುತ್ತಿದ್ದ.

ಅವನನ್ನು ಮೆಚ್ಚಿದವರು ಊರಿನಲ್ಲಿ ಬಹಳವಿರಲಿಲ್ಲ. ಒಂದು ಜಮಖಾನೆಯ ಮೇಲೆ ಕೂರುವಷ್ಟು ಜನ, ಅಷ್ಟೇ. ಕೆಮ್ಮಿನ ಮೇಷ್ಟ್ರು ಒಬ್ಬರು, ಬಳೆಯವಳು ಒಬ್ಬಳು, ಗಡಿಯಾರದವನು ಒಬ್ಬ, ಮತ್ತೆ ಉಪ್ಪಿನಕಾಯಿಯಕ್ಕ. ಗುರುವಾರ ಸಂಜೆ ಅದೇ ಕೆಂಪು ಪಟ್ಟೆಯ ಜಮಖಾನೆಯನ್ನು ಹಾಸಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುತ್ತಿದ್ದರು. ಪಿಯಾನೊದವನು ಬಂದು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂರುತ್ತಿದ್ದ. ಹಿಂದಿನ ಬೆಂಚಿನಲ್ಲಿ ಒಪ್ಪುವವರು ಕರಿ ಕೋಟಿನಲ್ಲಿ ಬಿಗಿದುಕೊಂಡು ಕೂತಿರುತ್ತಿದ್ದರು. ಅವರು ಬರದ ಗುರುವಾರವೇ ಇಲ್ಲ. ಪಿಯಾನೊದವನು ಶುರು ಮಾಡಲೊಲ್ಲ, ಇವರು ತಾಳಲೊಲ್ಲರು. ಕೊನೆಗೆ ತಾಳ್ಮೆ ಕೆಟ್ಟು ದಡಕ್ಕನೆ ಎದ್ದು, ಹಜಾರದ ತೇಗದ ಬಾಗಿಲನ್ನು ಗೋಡೆ ನಡುಗುವ ಹಾಗೆ ಬಡಿದು ಹೊರಟುಹೋಗುತ್ತಿದ್ದರು. ಜಮಖಾನೆಯವರು ಸದ್ಯ, ಪೀಡೆ ತೊಲಗಿತು ಎಂದು ಉಸಿರು ಬಿಡುತ್ತಿದ್ದರು. ಆಮೇಲೆ ಶುರುವಾಗುತ್ತಿತ್ತು. ಪ್ರತಿ ಗುರುವಾರವೂ ಹೀಗೇ. ಅಗಸರವಳು ಮಾತ್ರ ಪ್ರತಿ ಶುಕ್ರವಾರ ಆ ಕರಿ ಕೋಟನ್ನು ಕಲ್ಲಿಗೆ ಬಡಿಯುತ್ತ, "ಈ ಯಜಮಾನ್ರ ಬೆನ್ನಿಗೆ ಇಷ್ಟು ಸುಣ್ಣ ಎಲ್ಲಿಂದ ಮೆತ್ತುತ್ತೋ" ಎಂದು ಗೊಣಗುತ್ತಿದ್ದಳು.

ಉಪ್ಪಿನಕಾಯಿಯಕ್ಕನ ಮನೆಯಲ್ಲಿ ನಗು ಎಂಬುದು ಹಬ್ಬದ ದೊಡ್ಡ ಪಾತ್ರೆಯ ಹಾಗೆ ಅಟ್ಟದ ಮೇಲಿರುವ ವಸ್ತುವಾಗಿತ್ತು. ಬೇಕಾದಾಗ ಇಳಿಸಿಕೊಳ್ಳುವ ಹಾಗಿರಲಿಲ್ಲ. ಮೊದಲ ಗುರುವಾರ ಅವಳು ಹಜಾರಕ್ಕೆ ಬಂದಿದ್ದು ಭರಣಿ ಇಳಿಸಿ ಸುಧಾರಿಸಿಕೊಳ್ಳುವುದಕ್ಕೆ. ಪಿಯಾನೊದವನ ಮೊಣಕೈ ಇಳಿದದ್ದೇ ತಡ, ಅವಳ ಹೊಟ್ಟೆಯ ತಳದಿಂದ ಒಂದು ನಗು ಎದ್ದಿತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಆ ದಿನ ಪಿಯಾನೊ ಕೂಡ ನಕ್ಕಿತು ಎಂದು ಅವಳ ನೆನಪು. ಬೆರಳೊತ್ತುವ ಕರಿಯ ಮನೆಯಿಂದ ಬಿಳಿಯ ಮನೆಗೆ, ಬಿಳಿಯ ಮನೆಯಿಂದ ಕರಿಯ ಮನೆಗೆ ಹಾರಿ ಹಾರಿ ನಕ್ಕಿತು ಎಂದು ನೆನಪು. ಅಂದಿನಿಂದ ಅವಳು ನಗುವುದನ್ನು ಕಲಿತಳು. ಮಾವಿನಕಾಯಿ ಹೆಚ್ಚುವಾಗ ನಕ್ಕಳು, ಉಪ್ಪು ಬೆರೆಸುವಾಗ ನಕ್ಕಳು. ಈಗ ಅವನನ್ನು ಮರೆಯುವುದೆಂದರೆ ಆ ನಗುವಿನ ಬೇರನ್ನೇ ಕಿತ್ತ ಹಾಗೆ ಎಂದು ಅವಳಿಗೆ ಗೊತ್ತಿತ್ತು. ಅವಳು ಬಹಳ ಹೆದರಿದಳು.

ದೀಪ ಹಚ್ಚಿದ ದಿನವೇ ಬಡಗಿ ಬಂದು ಪಿಯಾನೊವನ್ನು ಟೇಪು ಹಿಡಿದು ಅಳೆದ. ಒಪ್ಪಿದರೆ ಗೋಡೆಗೇರಿಸಲು ಎಷ್ಟು ದಪ್ಪದ ಮೊಳೆ ಬೇಕು ಎಂಬುದು ಒಂದು ಅಳತೆ, ಒಪ್ಪದಿದ್ದರೆ ಎಷ್ಟು ಮಂಚ ಆಗುತ್ತವೆ ಎಂಬುದು ಇನ್ನೊಂದು ಅಳತೆ.

ಜಮಖಾನೆಯವರು ಉಪ್ಪಿನಕಾಯಿಯಕ್ಕನ ಜಗಲಿಯಲ್ಲಿ ಭರಣಿಗಳ ನಡುವೆ ಸೇರಿದರು. ಅವನು ನುಡಿಸಿದ್ದರಲ್ಲಿ ಒಂದನ್ನು ಆರಿಸಬೇಕಿತ್ತು.

"ಯಾವುದು ಅಂತ ಕೇಳೋದೇನಿದೆ? ಆ ಗುಡುಗಿನದು!" ಎಂದರು ಮೇಷ್ಟ್ರು. "ಮೊದಲು ಸಣ್ಣದಾಗಿ ಗೊರಗೊರ ಅಂತ ಎದ್ದು, ಆಮೇಲೆ ಎದೆ ಒಡೆದು ಬರೋದು. ಅದರ ಮುಂದೆ ಬೇರೆ ಎಲ್ಲ ಸಪ್ಪೆ." ಎಂದವರೇ ಕೆಮ್ಮಿದರು.

"ಗುಡುಗು ಎಲ್ಲಿತ್ತು ಮೇಷ್ಟ್ರೇ? ನಾನು ಅಲ್ಲೇ ಕೂತಿದ್ನಲ್ಲ," ಎಂದಳು ಬಳೆಯವಳು, ಕೈ ಝಣಝಣ ಆಡಿಸುತ್ತ. "ಅವರು ನುಡಿಸಿದ್ದು ಗಾಜು. ಬರೀ ಗಾಜು. ಅಂಗಡಿಯ ಬಳೆಯೆಲ್ಲ ಒಟ್ಟಿಗೆ ನೆಲಕ್ಕೆ ಬಿದ್ದು, ಒಂದೂ ಒಡೀದೆ ಎದ್ದು ನಿಂತ ಹಾಗೆ."

"ನಿಮ್ಮಿಬ್ಬರಿಗೂ ಕಿವಿ ಕೆಟ್ಟಿದೆ," ಎಂದ ಗಡಿಯಾರದವನು. ಅವನ ಜೇಬಿನ ಗಡಿಯಾರ ಹೊತ್ತುಗೊತ್ತಿಲ್ಲದೆ ಟ್ರಿಣಗುಟ್ಟುವುದಕ್ಕೆ ಹೆಸರಾಗಿತ್ತು. "ಒಂದೇ ಸ್ವರ. ಟ್ರಿಣ್ ಟ್ರಿಣ್ ಟ್ರಿಣ್. ಸಂಜೆಯೆಲ್ಲ ಒಂದೇ ಸ್ವರ. ನನ್ನ ಕಣ್ಣಲ್ಲಿ ನೀರು ಬಂತು."

"ಸಂಜೆಯೆಲ್ಲ ಒಂದೇ ಸ್ವರಾನಾ! ನಾವೆಲ್ಲ ನಿದ್ದೆ ಮಾಡ್ತಿದ್ವಾ ಹಾಗಾದ್ರೆ?" ಎಂದರು ಮೇಷ್ಟ್ರು.

"ಮಾಡ್ತಿದ್ರಿ ಅಂತ ಕಾಣುತ್ತೆ!"

ಜಗಳ ಎಷ್ಟು ಸೊಗಸಾಗಿ ಬೆಳೆಯಿತೆಂದರೆ ನೆರೆಮನೆಯವರು ಮೊರ ಹಿಡಿದುಕೊಂಡು ಬಂದು ಅಕ್ಕಿ ಆರಿಸುತ್ತ ನೋಡಿದರು. ಪ್ರತಿದಿನದ ಜಗಳವಲ್ಲದ ಜಗಳವನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಉಪ್ಪಿನಕಾಯಿಯಕ್ಕ ನಕ್ಕು ನಕ್ಕು ಕಂಬಕ್ಕೊರಗಿದಳು. ಆಮೇಲೆ ದೀಪ ನೆನಪಾಯಿತು, ನಗು ನಿಂತಿತು.

"ಸಾಕು ಸುಮ್ನಿರಿ. ಅಲ್ಲಿ ಎಣ್ಣೆ ಉರೀತಾ ಇದೆ," ಎಂದಳು. "ಎಲ್ಲರದ್ದೂ ಒಂದೊಂದು ತುಂಡು ಇರಲಿ. ಗುಡುಗು, ಗಾಜು, ಟ್ರಿಣ್. ಸೇರಿಸಿ ಒಂದು ಮಾಡೋಣ. ಅದನ್ನೇ ಗಟ್ಟಿ ಮಾಡೋಣ. ನಾವೆಲ್ಲ ಒಂದೇ ಮಾತಾಡಿದ್ರೆ ಯಜಮಾನ್ರು ಒಪ್ಪದೆ ಎಲ್ಲಿ ಹೋಗ್ತಾರೆ?"

ಎಲ್ಲರೂ ತಲೆದೂಗಿದರು. ನುಡಿಸುವವರು ಯಾರು ಎಂಬ ಪ್ರಶ್ನೆ ಬಂತು. ಮೇಷ್ಟ್ರ ಕೈ ನಡುಗುತ್ತಿತ್ತು, ಬಳೆಯವಳು ಬಳೆ ತೆಗೆಯುವವಳಲ್ಲ, ಗಡಿಯಾರದವನಿಗೆ ಸಭೆಯೆಂದರೆ ಕಾಲು ಬೆವರುತ್ತಿತ್ತು. ಉಳಿದದ್ದು ಮಾವಿನಕಾಯಿ ಹೆಚ್ಚಿ ಹೆಚ್ಚಿ ಗಟ್ಟಿಯಾದ ಎರಡು ಕೈ. ಉಪ್ಪಿನಕಾಯಿಯಕ್ಕ ಪಿಯಾನೊದ ಮನೆಗಳ ಮೇಲೆ ಅರಿಸಿನದ ಬೊಟ್ಟಿಟ್ಟು ಗುರುತು ಮಾಡಿಕೊಂಡಳು. ಮೊದಲು ಈ ಬೊಟ್ಟು, ಆಮೇಲೆ ಆ ಬೊಟ್ಟು, ಆಮೇಲೆ ಮುಷ್ಟಿ, ಆಮೇಲೆ ಮೊಣಕೈ. ಬೆಳಿಗ್ಗೆ ನುಡಿಸಿದಳು, ಮಧ್ಯಾಹ್ನ ನುಡಿಸಿದಳು, ಸಂಜೆ ನುಡಿಸಿದಳು. ಜಮಖಾನೆಯವರು ಕೂತು ತಿದ್ದಿದರು.

ಅಭ್ಯಾಸಕ್ಕೆ ಅಡ್ಡಿಯಾಗುತ್ತದೆಂದು ಮೇಷ್ಟ್ರು ಕರಿಮೆಣಸಿನ ಕಷಾಯ ಕುಡಿದು ಕುಡಿದು ಕೆಮ್ಮನ್ನು ಅಡಗಿಸಿದರು. ಬಳೆಯವಳು ಮೊಣಕೈ ತನಕ ಹಳೇ ಸೀರೆಯ ಚೂರು ಸುತ್ತಿಕೊಂಡು ಬಳೆಯ ಬಾಯಿ ಕಟ್ಟಿದಳು. ಗಡಿಯಾರದವನು ಜೇಬಿನ ಗಡಿಯಾರಕ್ಕೆ ಕೀಲಿ ಕೊಡುವುದನ್ನೇ ಬಿಟ್ಟ. "ಅಕ್ಕಾ, ನೀನೂ ಅಷ್ಟೇ, ನಗಬೇಡ. ನಕ್ಕರೆ ಕೈ ತಪ್ಪುತ್ತೆ," ಎಂದು ಮೂವರೂ ಹೇಳಿದರು. ಸತ್ತವನ ಮೇಲಿನ ಗೌರವವಲ್ಲವೇ ಎಂದು ಅವಳು ನಗುವುದನ್ನು ಬಿಟ್ಟಳು. ಇಷ್ಟೆಲ್ಲ ಆದ ಮೇಲೆ ತುಂಡು ಎಷ್ಟು ಚೆನ್ನಾಗಿ ಕೂತಿತೆಂದರೆ, ಬೆಳಗಿನದಕ್ಕೂ ಸಂಜೆಯದಕ್ಕೂ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ.

ಆದರೆ ಒಂದು ಬೆಳಿಗ್ಗೆ ಉಪ್ಪಿನಕಾಯಿಯಕ್ಕ ಎದ್ದವಳು, ಹಲ್ಲುಜ್ಜುತ್ತ, ಆ ಮೊದಲ ಗುರುವಾರವನ್ನು ನೆನೆಸಿಕೊಂಡಳು. ಏನೂ ಬರಲಿಲ್ಲ. ಪಿಯಾನೊ ನಕ್ಕಿತ್ತಲ್ಲ, ಹೇಗೆ ನಕ್ಕಿತ್ತು? ಕಿವಿಯಲ್ಲಿ ಅಭ್ಯಾಸದ ತುಂಡೇ ಕೇಳಿತು. ಈ ಬೊಟ್ಟು, ಆ ಬೊಟ್ಟು, ಮುಷ್ಟಿ, ಮೊಣಕೈ. ಅವನ ಮುಖ ನೆನೆಸಿಕೊಂಡರೆ ಅಲ್ಲೂ ಅರಿಸಿನದ ಬೊಟ್ಟು. ಅವಳು ಬಾಯಿ ಮುಕ್ಕಳಿಸುವುದನ್ನೂ ಮರೆತು ಮೇಷ್ಟ್ರ ಮನೆಗೆ ಓಡಿದಳು.

"ಮೇಷ್ಟ್ರೇ, ನಿಮ್ಮ ಗುಡುಗು ಹೇಗಿತ್ತು?"

ಮೇಷ್ಟ್ರು ಕಷಾಯದ ಲೋಟ ಕೆಳಗಿಟ್ಟರು. ಕಣ್ಣು ಮುಚ್ಚಿ ನೆನೆಸಿಕೊಳ್ಳಲು ನೋಡಿದರು.

"ನಾವು ಮಾಡಿದ ತುಂಡಿದೆಯಲ್ಲ ಅಕ್ಕ, ಅದರ ಹಾಗೇ ಇತ್ತು ಅನ್ಸುತ್ತೆ," ಎಂದರು. ಹೇಳಿದ ಮೇಲೆ ಅವರ ಮುಖ ಬಿಳಿಚಿಕೊಂಡಿತು.

ಎಣ್ಣೆ ತೀರುವ ಮೊದಲೇ ಮರೆವು ಬಂದಾಗಿತ್ತು. ಅದನ್ನು ತಾವೇ ಕೈ ಹಿಡಿದು ಕರೆತಂದಿದ್ದರು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಏಕೆಂದರೆ ಅಂದೇ ಗುರುವಾರ, ಅಂದೇ ಮರಳಿಕೆ, ಹೊರಗೆ ಡಂಗುರದವನು ಆಗಲೇ ಊರಿಗೆಲ್ಲ ಸಾರಿಕೊಂಡು ಬರುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಊರಿಗೆ ಊರೇ ಹಜಾರದಲ್ಲಿ ನೆರೆಯಿತು. ಬದುಕಿದ್ದಾಗ ಅವನನ್ನು ಕೇಳಲು ಬಾರದವರೆಲ್ಲ ಸತ್ತ ಮೇಲೆ ಬಂದಿದ್ದರು. ಹೂವಿನವಳು ಬಂದಿದ್ದಳು, ಬಡಗಿ ಟೇಪು ಹಿಡಿದು ಬಂದಿದ್ದ. ಮರಳಿಕೆಯ ಹೊತ್ತಿನಲ್ಲಿ ಯಾರೂ ಸದ್ದು ಮಾಡಬಾರದು, ಆದ್ದರಿಂದ ಜನ ಚಪ್ಪಲಿಯನ್ನು ಕೂಡ ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದರು. ದೀಪದಲ್ಲಿ ಎಣ್ಣೆ ತಳ ಹಿಡಿದಿತ್ತು. ಒಪ್ಪುವವರು ಹಿಂದಿನ ಬೆಂಚಿನಲ್ಲಿ, ಅದೇ ಜಾಗದಲ್ಲಿ, ಕರಿ ಕೋಟಿನಲ್ಲಿ ಬಿಗಿದುಕೊಂಡು ಕೂತಿದ್ದರು.

ಉಪ್ಪಿನಕಾಯಿಯಕ್ಕ ನುಡಿಸಿದಳು. ಈ ಬೊಟ್ಟು, ಆ ಬೊಟ್ಟು, ಮುಷ್ಟಿ, ಮೊಣಕೈ. ಒಂದೂ ತಪ್ಪಲಿಲ್ಲ. ಗುಡುಗಿನ ಜಾಗದಲ್ಲಿ ಗುಡುಗಿತ್ತು, ಗಾಜಿನ ಜಾಗದಲ್ಲಿ ಗಾಜಿತ್ತು. ಊರಿನವರು ಮುಖ ಮುಖ ನೋಡಿಕೊಂಡರು. ಒಬ್ಬ ಇನ್ನೊಬ್ಬನ ಕಿವಿಯಲ್ಲಿ, "ಪರವಾಗಿಲ್ಲ ಕಣೋ, ಚೆನ್ನಾಗೇ ಇದೆಯಲ್ಲ! ನಾವು ಸುಮ್ನೆ ಬೈದ್ವಿ," ಎಂದ. ಅದು ಉಪ್ಪಿನಕಾಯಿಯಕ್ಕನ ಕಿವಿಗೂ ಬಿತ್ತು. ಪಿಯಾನೊದವನಿಗೆ ಇಷ್ಟು ದೊಡ್ಡ ಅವಮಾನವನ್ನು ಅವನ ಶತ್ರುಗಳೂ ಮಾಡಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

ಕೊನೆಯ ಬೊಟ್ಟು ಮುಗಿಯಿತು. ಒಪ್ಪುವವರು ಎದ್ದರು.

"ಅಲ್ಲ," ಎಂದರು. "ಹೀಗಲ್ಲ."

"ಯಜಮಾನ್ರೇ!" ಉಪ್ಪಿನಕಾಯಿಯಕ್ಕನಿಗೆ ರೇಗಿಹೋಯಿತು. "ಹೀಗಲ್ಲ ಅನ್ನೋಕೆ ನಿಮಗೆ ಹೇಗೆ ಗೊತ್ತು? ಒಂದು ದಿನಾನಾದ್ರೂ ಕೂತು ಪೂರ್ತಿ ಕೇಳಿದ್ದೀರಾ? ಬರೋದು, ಬಾಗಿಲು ಬಡಿಯೋದು, ಹೋಗೋದು. ಅವರು ಶುರು ಮಾಡೋ ತನಕಾನೂ ನೀವು ಒಂದು ದಿನ ಕೂರ್ಲಿಲ್ಲ. ಹೀಗಲ್ಲ ಅಂತೆ, ಹೀಗಲ್ಲ!"

ಊರು ಉಸಿರು ಹಿಡಿಯಿತು. ಒಪ್ಪುವವರ ಎದುರು ಹಾಗೆ ಮಾತಾಡಿದವರು ಯಾರೂ ಇರಲಿಲ್ಲ.  ಒಪ್ಪುವವರು ದಡಬಡ ನಡೆದು, ಹೊರಗೆ ಹೋಗಿ, ಬಾಗಿಲನ್ನು ಬಡಿದರು.

ಬಾಗಿಲು ಬಡಿದ ಗಾಳಿಗೆ ದೀಪ ಆರಿತು.

ಯಾರೂ ಅದನ್ನು ನೋಡಲಿಲ್ಲ. ಏಕೆಂದರೆ ಆ ಸದ್ದಿಗೆ ಜಮಖಾನೆಯವರ ಹೆಗಲೆಲ್ಲ ಒಟ್ಟಿಗೆ ಸಡಿಲವಾದವು, ಇಷ್ಟು ವರ್ಷ ಪ್ರತಿ ಗುರುವಾರ ಸಡಿಲವಾಗುತ್ತಿದ್ದ ಹಾಗೆ. ಸದ್ಯ, ಪೀಡೆ ತೊಲಗಿತು ಎಂದು ನಾಲ್ವರೂ ಒಟ್ಟಿಗೆ ಉಸಿರು ಬಿಟ್ಟರು. ಒಬ್ಬರನ್ನೊಬ್ಬರು ನೋಡಿಕೊಂಡರು. ಉಪ್ಪಿನಕಾಯಿಯಕ್ಕನ ಹೊಟ್ಟೆಯ ತಳದಲ್ಲಿ ಅದು ಎದ್ದಿತು. ಅಷ್ಟು ದಿನ ಅದುಮಿಟ್ಟ ನಗು, ಭರಣಿಯ ಮುಚ್ಚಳವನ್ನು ಹಾರಿಸಿಕೊಂಡು ಬರುವ ಹಾಗೆ ಬಂತು. ನಗುತ್ತ ನಗುತ್ತ ಆಯ ತಪ್ಪಿ ಅವಳು ಮುಂದಕ್ಕೆ ಬಾಗಿದಳು, ಎರಡೂ ಅಂಗೈ ಪಿಯಾನೊದ ಮೇಲೆ ಬಿದ್ದವು.

ಢಾಂ.

ಅದು ಬಾಗಿಲಿನ ಸದ್ದು. ಬಡಿದ ಬಾಗಿಲಿಗೆ ಪಿಯಾನೊ ಕೊಟ್ಟ ಉತ್ತರ. ಅವಳ ಕೈಗೆ ಅದು ಗೊತ್ತಾಯಿತು, ತಲೆಗೆ ಆಮೇಲೆ ಗೊತ್ತಾಯಿತು. ಅವನು ಕೈ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದುದು ಇದಕ್ಕೆ! ಊರು ಒಂದು ಸದ್ದು ಮಾಡಲಿ ಎಂದು ಕಾಯುತ್ತಿದ್ದ. ಊರು ಕೊಟ್ಟ ಸದ್ದನ್ನು ಹಿಡಿದುಕೊಂಡು ಹೊರಡುತ್ತಿದ್ದ. ತಾವೆಲ್ಲ ಅವನ ಕೈಯನ್ನೇ ನೋಡುತ್ತ ಕೂತು, ತಮ್ಮ ಕಿವಿಯ ಪಕ್ಕದಲ್ಲೇ ಆಗುತ್ತಿದ್ದುದನ್ನು ಮರೆತಿದ್ದರು. ಅವಳು ಇನ್ನೂ ನಗುತ್ತಿದ್ದಳು, ಅವಳ ಕೈ ಆ ನಗುವಿನ ಹಿಂದೆ ಓಡಿತು, ಕರಿಯ ಮನೆಯಿಂದ ಬಿಳಿಯ ಮನೆಗೆ, ಬಿಳಿಯ ಮನೆಯಿಂದ ಕರಿಯ ಮನೆಗೆ. ಬೊಟ್ಟುಗಳೆಲ್ಲ ಬೆವರಿನಲ್ಲಿ ಕಲೆಸಿಹೋದವು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಅಷ್ಟು ದಿನದ ಕಷಾಯವನ್ನೆಲ್ಲ ಸೀಳಿಕೊಂಡು ಒಂದು ಕೆಮ್ಮು ಬಂತು, ಮೊದಲು ಸಣ್ಣದಾಗಿ ಗೊರಗೊರ ಎಂದು ಎದ್ದು, ಆಮೇಲೆ ಎದೆ ಒಡೆದು. ಉಪ್ಪಿನಕಾಯಿಯಕ್ಕ ಎಡ ಮುಷ್ಟಿಯಿಂದ ಅದಕ್ಕೆ ಉತ್ತರ ಕೊಟ್ಟಳು.

"ಅಯ್ಯೋ ನನ್ನ ಗುಡುಗು! ಅದು ನಂದೇ ಕೆಮ್ಮು!" ಎಂದು ಮೇಷ್ಟ್ರು ಕೂಗಿ, ಸಂತೋಷಕ್ಕೆ ಮತ್ತೆ ಕೆಮ್ಮಿದರು.

ಬಳೆಯವಳು ಸೀರೆಯ ಚೂರನ್ನು ಹಲ್ಲಿನಿಂದ ಹರಿದು ಎರಡೂ ಕೈಯನ್ನು ಮೇಲಕ್ಕೆತ್ತಿ ಆಡಿಸಿದಳು. ಗಡಿಯಾರದವನು ಗಡಗಡ ಕೀಲಿ ತಿರುಗಿಸಿದ, ಗಡಿಯಾರ ಹಠಮಾರಿ ಮಗುವಿನಂತೆ ಟ್ರಿಣಗುಟ್ಟಿತು, ಅವನು ಎಲ್ಲರೆದುರು ಅಳುತ್ತ ನಗುತ್ತ ನಿಂತ. ಉಪ್ಪಿನಕಾಯಿಯಕ್ಕ ಒಂದೊಂದಕ್ಕೂ ಓಡಿ ಓಡಿ ಉತ್ತರಿಸಿದಳು. ಬಡಗಿಯ ಟೇಪು ಕೈ ಜಾರಿ ಸರ್ರನೆ ಸುತ್ತಿಕೊಂಡಿತು, ಅದಕ್ಕೂ ಉತ್ತರ ಬಂತು. ಯಾರದೋ ಕಂಕುಳಿನ ಚಪ್ಪಲಿ ಬಿತ್ತು, ಅದಕ್ಕೂ ಬಂತು. ಆಮೇಲೆ ಬೇಕೆಂದೇ ಬೀಳತೊಡಗಿದವು. ಹುಟ್ಟಿದಾಗಿನಿಂದ ಒಂದೇ ರೀತಿ ಸೀನುತ್ತಿದ್ದ ತುಪ್ಪದಂಗಡಿಯವರು ಬೇರೆ ಥರ ಸೀನಿ, ತಮ್ಮ ಸೀನು ತಮಗೇ ಗುರುತು ಸಿಗದೆ, ಖುಷಿಯಿಂದ ಇನ್ನೊಂದು ಸೀನಿದರು. ಗೋಡೆಯ ಮೇಲೆ ಮೊಳೆ ಹೊಡೆದಿದ್ದ ಇಡ್ಲಿ ಪಾತ್ರೆ, ತಂಬಿಗೆ, ಕತ್ತಿ ಎಲ್ಲ ಗಲಗಲ ಅಲುಗಿದವು.

ಆಗ ಬಾಗಿಲು ತೆರೆಯಿತು. ಹೊಸ್ತಿಲ ಮೇಲೆ ಒಪ್ಪುವವರು ನಿಂತಿದ್ದರು. ತಲೆ ಕೆದರಿತ್ತು, ಕಣ್ಣು ಕೆಂಪಾಗಿತ್ತು. ಎಲ್ಲರೂ ಇದ್ದಲ್ಲೇ ನಿಂತರು.

"ನಿಲ್ಲಿಸಬೇಡಿ," ಎಂದರು ಅವರು.  "ಅದು ನನ್ನ ಬಾಗಿಲು. ಮೊದಲನೇ ಗುರುವಾರ ಸಿಟ್ಟು ಬಂದು ಬಡಿದೆ, ನಿಜ. ಹತ್ತು ಹೆಜ್ಜೆ ಹೋಗಿರಲಿಲ್ಲ, ಒಳಗಿಂದ ನನ್ನ ಬಾಗಿಲೇ ನನ್ನ ಹಿಂದೆ ಬಂತು. ನನ್ನ ಸಿಟ್ಟನ್ನ ಅವನು ಎಷ್ಟು ಚಂದ ಮಾಡಿದ್ದ ಅಂದ್ರೆ... ಕಿಟಕಿ ಕೆಳಗೆ ಗೋಡೆಗೆ ಒರಗಿ ನಿಂತುಬಿಟ್ಟೆ. ಮುಗಿಯೋ ತನಕ ನಿಂತೆ. ಆಮೇಲೆ ಒಳಗೆ ಬರೋಕೆ ನಾಚಿಕೆ ಆಯ್ತು. ಹಾಗಂತ ಬಾಗಿಲು ಬಡಿಯೋದು ಬಿಟ್ರೆ ಅವನು ಶುರು ಮಾಡೋದು ಹೇಗೆ?"

ಅವರು ತಿರುಗಿದರು. ಕರಿ ಕೋಟಿನ ಬೆನ್ನು ಪೂರ್ತಿ ಸುಣ್ಣದಿಂದ ಬೆಳ್ಳಗಾಗಿತ್ತು. ಅಗಸರವಳು, "ಅಯ್ಯೋ ನಿಮ್ಮ ಮನೆ ಹಾಳಾಗ!" ಎಂದು ಹಣೆ ಬಡಿದುಕೊಂಡಳು.

ಆಗಲೇ ಡಂಗುರದವನು ಕಿರುಚಿದ್ದು. "ದೀಪ! ದೀಪ ಆರಿಹೋಗಿದೆ!"

 ಉಪ್ಪಿನಕಾಯಿಯಕ್ಕ ಎದೆ ಹಿಡಿದುಕೊಂಡಳು. ಅವನು ಈಗಷ್ಟೇ ಸಿಕ್ಕಿದ್ದ, ಈಗಷ್ಟೇ ಕಿವಿ ತುಂಬ ಸಿಕ್ಕಿದ್ದ, ಬೆಳಗಾದರೆ ಇರುವುದಿಲ್ಲ. ತಾನು ಒಂದು ಜಮಖಾನೆ ಹಾಸಿಕೊಂಡು ಕೂತು, ಯಾತಕ್ಕೆ ಕೂತೆನೆಂದು ತಿಳಿಯದೆ ಮಡಿಸಿಕೊಂಡು ಹೋಗುತ್ತೇನೆ ಎಂದು ಅವಳಿಗೆ ಕಣ್ಣಿಗೆ ಕಟ್ಟಿತು.

ಒಪ್ಪುವವರು ದೀಪದ ಬಳಿ ಹೋದರು. ಬಗ್ಗಿ ನೋಡಿದರು. ಕಿರುಬೆರಳನ್ನು ಒಳಗೆ ಅದ್ದಿ ಮೇಲೆತ್ತಿ ಹಿಡಿದರು. ಬೆರಳ ತುದಿ ಮಿರಿಮಿರಿ ಹೊಳೆಯಿತು.

"ಎಣ್ಣೆ ಇದೆ," ಎಂದರು.

"ಆದರೆ ದೀಪ ಆರಿದೆಯಲ್ಲ ಯಜಮಾನ್ರೇ," ಎಂದ ಡಂಗುರದವನು.

"ನಿಯಮ ಇರೋದು ಎಣ್ಣೆ ತೀರೋ ತನಕ ಅಂತ. ದೀಪ ಆರೋ ಮಾತು ಅದರಲ್ಲಿ ಎಲ್ಲಿದೆ? ಆರಿದ್ದನ್ನ ಮತ್ತೆ ಹಚ್ಚಿ ಅಂತ ಎಲ್ಲಿದೆ? ಈ ಊರಲ್ಲಿ ನಿಯಮ ನನಗಿಂತ ನಿನಗೆ ಚೆನ್ನಾಗಿ ಗೊತ್ತೇನಯ್ಯಾ?"

ಡಂಗುರದವನು ತಲೆ ಕೆರೆದುಕೊಂಡು ಹಿಂದೆ ಸರಿದ. ಬಡಗಿ ದಪ್ಪ ಮೊಳೆಗಳನ್ನು ಕೈಗೆ ತೆಗೆದುಕೊಂಡು ಮುಂದೆ ಬಂದ. ಒಪ್ಪಿದರೆಂದು ಅವನ ಲೆಕ್ಕ. ಊರಿಗೆ ಊರೇ ಒಪ್ಪುವವರ ಬಾಯಿಯನ್ನು ನೋಡಿತು. ಉಪ್ಪಿನಕಾಯಿಯಕ್ಕನೂ ನೋಡಿದಳು. ಹೌದು ಎಂದು ಬಿಡಲಿ ಎಂದು ಅವಳ ಜೀವ ಬಯಸಿತು. ಅಷ್ಟರಲ್ಲಿ ಬಡಗಿಯ ಕೈಯ ಮೊಳೆ ಕಂಡಿತು. ಹೌದು ಎಂದರೆ ಪಿಯಾನೊ ಗೋಡೆ ಏರುತ್ತದೆ, ಕತ್ತಿಯ ಪಕ್ಕ, ತಂಬಿಗೆಯ ಪಕ್ಕ. ಹೆಸರು ಉಳಿಯುತ್ತದೆ. ಬಿಸಿ ಅನ್ನ ಮಾತ್ರ ಮತ್ತೆ ಸಿಗುವುದಿಲ್ಲ. ಅವಳು ಒಪ್ಪುವವರ ಕಣ್ಣನ್ನು ನೋಡಿ, ಕಂಡೂ ಕಾಣದ ಹಾಗೆ ಬೇಡವೆಂದು ತಲೆಯಾಡಿಸಿದಳು.

ಒಪ್ಪುವವರು ಗಂಟಲು ಸರಿಮಾಡಿಕೊಂಡರು. ಮುಖವನ್ನು ಬಿಗಿದುಕೊಳ್ಳಲು ನೋಡಿದರು, ತುಟಿಯ ಒಂದು ಕೊನೆ ಹಿಡಿತಕ್ಕೆ ಸಿಗಲಿಲ್ಲ.

"ಅಲ್ಲ, ಹೀಗಲ್ಲ," ಎಂದರು. "ಈವತ್ತು ನುಡಿಸಿದ್ದನ್ನ ಅವನು ಯಾವತ್ತೂ ನುಡಿಸಿದವನಲ್ಲ. ಆದರೆ ಎಣ್ಣೆ ಇನ್ನೂ ಇದೆ. ಮುಂದಿನ ಗುರುವಾರ ಮತ್ತೆ ನೋಡೋಣ."

ಮುಂದಿನ ಗುರುವಾರ ನೋಡಿದರು, ಅದರ ಮುಂದಿನ ಗುರುವಾರವೂ ನೋಡಿದರು. ಆರಿದ ದೀಪದಲ್ಲಿ ಬೆರಳದ್ದುವಷ್ಟು ಎಣ್ಣೆ ಹಾಗೆಯೇ ಉಳಿಯಿತು, ಅದರ ಮೇಲೆ ಉಪ್ಪಿನಕಾಯಿಯಕ್ಕ ಭರಣಿಯ ಮುಚ್ಚಳವೊಂದನ್ನು ಮುಚ್ಚಿಟ್ಟಳು. ಬಡಗಿಯ ಮೊಳೆಗಳು ತುಕ್ಕು ಹಿಡಿದವು. ಜಮಖಾನೆ ಸಾಲದೆ ಊರಿನವರು ಮನೆಯಿಂದ ಚಾಪೆ ತಂದರು, ಚಾಪೆ ಸಾಲದೆ ಗೋಣಿಚೀಲ ತಂದರು. ಬರುವವರು ಏನಾದರೂ ಸದ್ದನ್ನೂ ತರುತ್ತಿದ್ದರು. ಹೂವಿನವಳು ಪಿಯಾನೊದ ಮೇಲೂ ಒಂದು ಮೊಳ ಇಡತೊಡಗಿದಳು. ಇದು ಯಾರಿಗಮ್ಮ ಎಂದರೆ, "ಇದು ಯಾರಿಗೆ ಅಂತ ಗೊತ್ತಪ್ಪ ನನಗೆ!" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು.

ಒಪ್ಪುವವರನ್ನು ಜಮಖಾನೆಗೆ ಕರೆದರು. ಅವರು ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಬಿಗಿದುಕೊಂಡು ಕೂತು, ತಾಳ್ಮೆ ಕೆಟ್ಟವರಂತೆ ದಡಕ್ಕನೆ ಎದ್ದು, ಬಾಗಿಲು ಬಡಿದು ಹೋಗುತ್ತಿದ್ದರು. ಒಂದು ಗುರುವಾರ ಹೊರಗೆ ಕಿಟಕಿಯ ಕೆಳಗೆ ಒಂದು ಮುಕ್ಕಾಲಿ ಕಂಡಿತು, ಅದರ ಮೇಲೆ ಮೆತ್ತೆ, ಗೋಡೆಗೆ ಬೆನ್ನು ತಾಗದ ಹಾಗೆ ತೂಗುಬಿಟ್ಟ ಒಂದು ಹಳೇ ಕಂಬಳಿ. ಅವರು ಆಚೀಚೆ ನೋಡಿ ಕೂತರು.

ಒಳಗೆ ಉಪ್ಪಿನಕಾಯಿಯಕ್ಕ ಅವರ ಬಾಗಿಲನ್ನು ಹಿಡಿದುಕೊಂಡು ಹೊರಟಳು. ಎಲ್ಲೆಲ್ಲೋ ಹೋದಳು, ಎಲ್ಲರನ್ನೂ ಕರೆದುಕೊಂಡು ಹೋದಳು. ಮುಗಿದ ಮೇಲೆ ಕಿಟಕಿಯನ್ನು ದೂಡಿ ತಲೆ ಹೊರಗೆ ಹಾಕಿದಳು. ಬೆವರಿಗೆ ಕುಂಕುಮ ಇಳಿದು ಮೂಗಿನ ತನಕ ಬಂದಿತ್ತು.

"ಯಜಮಾನ್ರೇ, ಹೀಗೇನಾ?" ಎಂದಳು.

ಒಪ್ಪುವವರು ಮುಕ್ಕಾಲಿಯಿಂದ ಎದ್ದರು. ಎರಡೂ ಕೈ ಮೇಲೆತ್ತಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು:

"ಅಲ್ಲಮ್ಮಾ, ಹೀಗಲ್ಲ! ಒಂದು ದಿನಾನೂ ಹೀಗಿರಲಿಲ್ಲ!"